ನೀರಲ್ಲಿ ನಿಂತು ಬಾಯಾರಿದ ಕಾಡು

"ಸಾಲ್ಟಾ, ಸ್ವೀಟಾ ಮ್ಯಾಡಂ?"

ನಿಂಬೆ ಜ್ಯೂಸು ಕೇಳಿದವರನ್ನೆಲ್ಲ ಚೆನ್ನೈಯಲ್ಲಿ ಹೀಗೇ ಕೇಳುತ್ತಾರೆ. ಹದಿನೆಂಟು ವರ್ಷದಿಂದ ಈ ಊರಲ್ಲಿದ್ದೇನೆ, ಎಷ್ಟೋ ಸಲ ಉತ್ತರ ಹೇಳಿದ್ದೇನೆ. ಹೋದ ತಿಂಗಳು ಮಾತ್ರ ಅದು ಒಂದೇ ಸಲಕ್ಕೆ ಮುಗಿಯಲಿಲ್ಲ. ಕೌಂಟರಿನ ಹುಡುಗಿ ಇನ್ನೊಂದು ಸಲ ಕೇಳಿದಳು. ನನ್ನ ಹಿಂದೆ ನಿಂತವರು ಗಡಿಯಾರ ನೋಡಿಕೊಂಡರು. "ಏನಾದ್ರೂ ಕೊಡಮ್ಮ" ಅಂತ ಕನ್ನಡದಲ್ಲೇ ಅಂದು, ಅವಳು ಕೊಟ್ಟಿದ್ದನ್ನು ಹಿಡಿದುಕೊಂಡು ಬಂದು ಕೂತೆ.

ಮಗಳು ಮೇಘನಾಳ ಕಾಲೇಜಿನವರು ಶೋಳಿಂಗನಲ್ಲೂರಿನ ಒಂದು ಐಟಿ ಕ್ಯಾಂಪಸ್ಸಿನಲ್ಲಿ ತರಬೇತಿ ಇಟ್ಟಿದ್ದರು. ಅವಳನ್ನು ಬಿಡಲು ಹೋದವಳು ನಾನು. ವಿಳಾಸವನ್ನು ಎರಡೆರಡು ಸಲ ಓದಿದ್ದೆ. ಅದೇ ಜಾಗ. ಎರಡು ಗೋಪುರಗಳ ನಡುವೆ ಅದೇ ಐದು ಮಹಡಿ ಎತ್ತರದ ಗಾಜಿನ ಮನೆ. ಒಳಗೆ ಈಗ ಫುಡ್ ಕೋರ್ಟು. ಪ್ಲಾಸ್ಟಿಕ್ ಜರೀಗಿಡಗಳು ನೇತಾಡುತ್ತಿವೆ. ಝರಿ ಹರಿಯುತ್ತಿದ್ದಲ್ಲಿ ನೀಲಿ ಟೈಲು ಹಾಕಿ ಕೆಳಗಿಂದ ದೀಪ ಬಿಟ್ಟಿದ್ದಾರೆ, ದೂರದಿಂದ ನೋಡಿದರೆ ನೀರು ಅನ್ನಬೇಕು. ನೆಲ ಒರೆಸುವವಳು ಬಕೆಟ್ಟು ತಂದು ನನ್ನ ಮೇಜಿನ ಪಕ್ಕ ಇಟ್ಟಳು. ಫಿನೈಲಿನ ಕೆಳಗೆ ಇನ್ನೊಂದು ವಾಸನೆಯಿತ್ತು. ಕಬ್ಬಿಣದ್ದು, ಕೆಸರಿನದು, ಸ್ವಲ್ಪ ಸಮುದ್ರದ್ದು. ಈ ರಸ್ತೆಯುದ್ದಕ್ಕೂ ನೆಲ ಕೊರೆದರೆ ಮೇಲೆ ಬರುವ ಬೋರ್ ನೀರಿನ ವಾಸನೆ ಅದು. ಮೂಗು ನನ್ನನ್ನು ಎಳೆದುಕೊಂಡು ಆರು ವರ್ಷ ಹಿಂದಿನ ಆ ಬೇಸಿಗೆಗೆ ಹೋಯಿತು. ನಾನು ಕೂತಿದ್ದ ಮೇಜಿನ ಜಾಗದಲ್ಲಿ ಆಗ ಹನ್ನೊಂದು ರಾಮಪತ್ರೆ ಮರಗಳಿದ್ದವು.

ಅಲ್ಲಿ ಕಾಡಿತ್ತು ಅಂದರೆ ಈಗ ಯಾರೂ ನಂಬುವುದಿಲ್ಲ. ನಾನೂ ಮೊದಲು ನಂಬಿರಲಿಲ್ಲ. ಕಂಪನಿಯ ಛೇರ್ಮನ್‌ಗೆ ಯಾವುದೋ ದೇಶದ ವಿಮಾನ ನಿಲ್ದಾಣದಲ್ಲಿ ಗಾಜಿನೊಳಗಿನ ಮಳೆಕಾಡು ನೋಡಿ ಮನಸ್ಸಾಯಿತಂತೆ. ನಮ್ಮಲ್ಲೂ ಆಗಲಿ ಅಂದರು, ಆಯಿತು. ಘಟ್ಟದ ನರ್ಸರಿಗಳಿಂದ ಸಸಿ ಬಂದವು, ಪಾಚಿ ಹಿಡಿದ ಬಂಡೆ ಬಂದವು, ತೊರೆಯ ಕಪ್ಪು ಮಣ್ಣು ಬಂತು. ಮಣ್ಣಿನ ಜೊತೆ ಯಾರೂ ಕರೆಯದೆ ಬಸವನಹುಳ, ಸಣ್ಣಸಣ್ಣ ಕಪ್ಪೆ, ಎಲೆ ಕೊರೆಯುವ ಹುಳಗಳೂ ಬಂದವು. ಎರಡು ಕಿಲೋಮೀಟರ್ ಆಚೆ ದೇವರು ತಾನೇ ಮಾಡಿಟ್ಟಿದ್ದ ಪಳ್ಳಿಕರಣೈ ಜೌಗು ಕಟ್ಟಡದ ಕಸ ಹೊತ್ತುಕೊಂಡು ವರ್ಷವರ್ಷವೂ ಕುಗ್ಗುತ್ತಿತ್ತು. ಅದನ್ನು ಕೇಳುವವರಿಲ್ಲ. ನಾವು ಜೌಗಿನ ಮೇಲೆ ಗಾಜು ಕಟ್ಟಿ, ಅದರೊಳಗೆ ಬೇರೆ ಊರಿನ ಜೌಗನ್ನು ತಂದು, ಟಿಕೆಟ್ಟಿಲ್ಲದೆ ತೋರಿಸುತ್ತಿದ್ದೆವು.

ಆ ಕಾಡಿನ ನೀರು ನೋಡಿಕೊಳ್ಳುವ ಕೆಲಸ ನನ್ನದು. ನಾನು ಮಂಡ್ಯದ ಕಡೆಯವಳು, ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಗಂಡನಿಗೆ ಇಲ್ಲಿ ವಿಮಾ ಕಚೇರಿಯಲ್ಲಿ ಕೆಲಸವಾದ್ದರಿಂದ ಪೆರುಂಗುಡಿಯಲ್ಲಿ ಮನೆ ಮಾಡಿದ್ದೆವು. ಒಂದಷ್ಟು ವರ್ಷ ಕಾಲೇಜುಗಳಲ್ಲಿ ತಾತ್ಕಾಲಿಕ ಪಾಠ ಹೇಳಿದೆ. ಆಮೇಲೆ ಈ ಕ್ಯಾಂಪಸ್ಸಿನ ಮ್ಯಾನೇಜರ್ ಸತೀಶ್ ಸಂದರ್ಶನದಲ್ಲಿ ನನ್ನ ಊರು ಕೇಳಿದ. ಅವನು ಮೈಸೂರಿನವನು. "ಅಯ್ಯೋ, ನಮ್ಮೋರು! ಮೊದಲೇ ಹೇಳೋದಲ್ವಾ ಮೇಡಂ" ಅಂದ. ಕೆಲಸ ಸಿಕ್ಕಿತು. ನಾನು ಓದಿದ್ದರಿಂದ ಸಿಕ್ಕಿತು ಅಂತ ಬಹಳ ದಿನ ಅಂದುಕೊಂಡಿದ್ದೆ.

ಸತೀಶ್‌ಗೂ ನನಗೂ ಒಂದು ಚಾಳಿಯಿತ್ತು. ಬೇರೆಯವರಿಗೆ ತಿಳಿಯಬಾರದ್ದನ್ನೆಲ್ಲ ಅವರ ಎದುರೇ ಕನ್ನಡದಲ್ಲಿ ಮಾತಾಡುವುದು. ಪರವೂರಲ್ಲಿರುವ ಕನ್ನಡದವರಿಗೆಲ್ಲ ಈ ಚಾಳಿ ಸ್ವಲ್ಪ ಇದ್ದೇ ಇರುತ್ತದೆ. ತರಕಾರಿ ಅಂಗಡಿಯಲ್ಲಿ, ಲಿಫ್ಟಿನಲ್ಲಿ, ಆಸ್ಪತ್ರೆಯಲ್ಲಿ, ಬಾಗಿಲಿಲ್ಲದ ಕಡೆ ಬಾಗಿಲು ಹಾಕಿಕೊಂಡ ಹಾಗೆ. ಅದು ಜಾಣತನ ಅಂತ ನನಗೆ ಹೆಮ್ಮೆಯಿತ್ತು.

ಕಾಡಿನ ಕೈಕೆಲಸವೆಲ್ಲ ಅಂಜಲೈಯದು. ಐವತ್ತರ ಹೆಂಗಸು, ಸೆಮ್ಮಂಜೇರಿಯ ಕ್ವಾರ್ಟರ್ಸಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಬರುವ ಮುಂಚೆ ಟ್ಯಾಂಕರಿಗೆ ಕಾದು, ಬಿಂದಿಗೆ ಹೊತ್ತು, ಜಗಳವಾಡಿ ಗೆದ್ದು ಬಂದಿರುತ್ತಿದ್ದಳು. ಕೆಲಸಕ್ಕೆ ನಿಂತು ಮೂರು ವರ್ಷವಾದರೂ ಕಾಂಟ್ರಾಕ್ಟಿನವಳೇ. ಆಗಸ್ಟ್ ನಡುವಿಗೆ ಮುಗಿಯುವ ಆಡಿ ತಿಂಗಳು ಕಳೆದ ಮೇಲೆ ಕಂಪನಿ ಖಾಯಂ ಮಾಡಿಕೊಳ್ಳುತ್ತದೆ ಅಂತ ಆ ವರ್ಷ ಸತೀಶ್ ಮಾತು ಕೊಟ್ಟಿದ್ದ. ಖಾಯಮ್ಮಾದರೆ ಆಸ್ಪತ್ರೆ ಕಾರ್ಡು ಸಿಗುತ್ತದೆ, ಮಂಡಿನೋವು ತೋರಿಸಿಕೊಳ್ಳಬಹುದು ಅನ್ನುವುದು ಅವಳ ಲೆಕ್ಕ. ಬೇರೆ ಆಸೆ ಅವಳು ನನ್ನ ಹತ್ತಿರ ಹೇಳಿಕೊಂಡಿದ್ದು ನೆನಪಿಲ್ಲ.

ಅಂಜಲೈಗೆ ಗಿಡಗಳ ಶಾಸ್ತ್ರ ಗೊತ್ತಿರಲಿಲ್ಲ, ಗಿಡಗಳು ಗೊತ್ತಿದ್ದವು. ರಾಮಪತ್ರೆ ಮರಗಳಿಗೆ ನೀರಿನಿಂದ ಮೇಲೆದ್ದು ಮತ್ತೆ ಕೆಳಗೆ ಬಾಗುವ ಬೇರುಗಳಿರುತ್ತವೆ. ಕೆಸರಿನಲ್ಲಿ ಉಸಿರು ಸಿಗದೆ ಮಂಡಿ ಮೇಲೆತ್ತಿ ಉಸಿರಾಡುವ ಬೇರು. ಅವಳು ಅದನ್ನು ಮುಟ್ಟಿ, ತನ್ನ ಮಂಡಿಯನ್ನೂ ಮುಟ್ಟಿಕೊಂಡು, "ಇದಕ್ಕೂ ನಂಗೂ ಒಂದೇ ಕಷ್ಟ ಮ್ಯಾಡಂ" ಅನ್ನುತ್ತಿದ್ದಳು. ಅವಳ ಮಾತೆಲ್ಲ ತಮಿಳು. ನನಗೆ ಅದು ಈಗ ಕನ್ನಡದಲ್ಲೇ ನೆನಪಾಗುತ್ತದೆ. ಝರಿಯ ದಂಡೆಯ ಬಂಡೆಸಂದಿಯಲ್ಲಿ ಒಂದು ಪುಟ್ಟ ಕಪ್ಪೆ ಹಗಲಲ್ಲೂ ಟಿಕ್‌ಟಿಕ್ ಅನ್ನುತ್ತಿತ್ತು. ಅದಕ್ಕೆ 'ವಾಯಾಡಿ' ಅಂತ ಹೆಸರಿಟ್ಟಿದ್ದಳು. ಬಾಯಿಬಡುಕಿ ಅಂತ ಅರ್ಥ. ಬೆಳಿಗ್ಗೆ ಬಂದವಳು ಮೊದಲು ಅದರ ಜೊತೆ ಎರಡು ಮಾತಾಡಿ ಆಮೇಲೆ ಪೊರಕೆ ಹಿಡಿಯುತ್ತಿದ್ದಳು.

ನನ್ನ ಕೆಲಸ ಇದಕ್ಕಿಂತ ಸುಲಭದ್ದು. ದಿನಾ ಬೆಳಿಗ್ಗೆ ಝರಿಗೆ ಮೀಟರಿನ ಕಡ್ಡಿ ಅದ್ದಿ, ನೀರಿನಲ್ಲಿ ಎಷ್ಟು ಉಪ್ಪಿದೆ ಅಂತ ನೋಡಿ, ರಿಜಿಸ್ಟರಿನಲ್ಲಿ ಬರೆಯುವುದು. ಮಳೆಕಾಡಿನ ತೊರೆಯ ನೀರಿನಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ವರ್ಷವಿಡೀ ಸುರಿಯುವ ಮಳೆ ಅಲ್ಲಿನ ಬಂಡೆಮಣ್ಣನ್ನು ಯಾವ ಕಾಲದಲ್ಲೋ ತೊಳೆದು ಮುಗಿಸಿರುತ್ತದೆ. ಅಲ್ಲಿ ಹುಟ್ಟಿದ ಜೀವಕ್ಕೆ ಆ ಸಪ್ಪೆ ನೀರೇ ರೂಢಿ. ಬಸವನಹುಳಕ್ಕೆ, ಗೊದಮೊಟ್ಟೆಗೆ, ಪಾಚಿಗೆ ಉಪ್ಪನ್ನು ಹೊರಗೆ ತಳ್ಳುವ ಉಪಾಯ ಗೊತ್ತಿಲ್ಲ, ಅದು ಬೇಕಾದ ಪ್ರಸಂಗವೇ ಅವುಗಳ ವಂಶಕ್ಕೆ ಬಂದಿಲ್ಲ. ಇಷ್ಟೆಲ್ಲ ನನಗೆ ಗೊತ್ತಿತ್ತು. ಪಾಠ ಹೇಳಿದವಳಲ್ಲವೇ ನಾನು?

ಅದರ ಹಿಂದಿನ ವರ್ಷ ಹಿಂಗಾರು ಕೈಕೊಟ್ಟಿತ್ತು. ಚೆನ್ನೈಗೆ ಐಪ್ಪಸಿ, ಕಾರ್ತಿಕದ ಮಳೆ, ಅಂದರೆ ಅಕ್ಟೋಬರ್-ನವೆಂಬರಿನ ಮಳೆ, ಬರದಿದ್ದರೆ ಮುಂದಿನ ಬೇಸಿಗೆಗೆ ಗತಿಯಿಲ್ಲ. ಮಾಘದಲ್ಲೇ ನಮ್ಮ ಮಳೆನೀರಿನ ತೊಟ್ಟಿ ತಳ ಕಂಡಿತು. ಆಮೇಲೆ ಬೋರ್ ನೀರನ್ನು ಆರ್‌ಓ ಯಂತ್ರದಲ್ಲಿ ಸೋಸಿ ಕಾಡಿಗೆ ಬಿಟ್ಟೆವು. ಏಪ್ರಿಲ್‌ಗೆ ಟ್ಯಾಂಕರುಗಳು ಸರತಿಯಲ್ಲಿ ನಿಂತವು, ಶೌಚಾಲಯದ ಕನ್ನಡಿಗಳ ಮೇಲೆಲ್ಲ 'ನೀರು ಉಳಿಸಿ' ಚೀಟಿ ಅಂಟಿದವು, ಅರ್ಧ ಜನಕ್ಕೆ ಮನೆಯಿಂದಲೇ ಕೆಲಸ ಮಾಡಿ ಅಂದರು. ಮನೆಯಲ್ಲಿ ಮೂರು ಜನಕ್ಕೆ ದಿನಕ್ಕೆ ಆರು ಬಕೆಟ್ಟು. ಅಕ್ಕಿ ತೊಳೆದ ನೀರಿನಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರು ಕಕ್ಕಸಿಗೆ. ಅಡುಗೆಮನೆಯ ಆರ್‌ಓ ಹೊರಗೆ ಬಿಡುವ ನೀರಿಗೆ ಒಂದು ಬಕೆಟ್ಟು ಇಟ್ಟಿದ್ದೆ. ಅದರಲ್ಲೇ ನೆಲ ಒರೆಸುವುದು, ಅದನ್ನೇ ಬಾಲ್ಕನಿಯ ಕರಿಬೇವಿಗೆ ಹಾಕುವುದು. ಒಂಬತ್ತನೇ ಕ್ಲಾಸಿನ ಮೇಘನಾ ಆ ಬಕೆಟ್ಟಿನಿಂದ ಒಂದು ಚೊಂಬು ಚೆಲ್ಲಿದರೂ ನಾನು ಕೂಗಾಡುತ್ತಿದ್ದೆ. "ನೀರು ಚೆಲ್ಲಬೇಡ ಕಣೇ, ಲಕ್ಷ್ಮಿ ಅದು!" ಅವಳು ಎಂದಿನಂತೆ ತಮಿಳಿನಲ್ಲಿ, "ಸರಿ ಮ್ಮಾ, ಕತ್ತಾದೇ" ಅನ್ನುತ್ತಿದ್ದಳು. ಕಿರುಚಬೇಡ ಅಂತ.

ಆರ್‌ಓ ಯಂತ್ರ ಒಂದು ಕೈಯಲ್ಲಿ ಒಳ್ಳೆಯ ನೀರು ಕೊಟ್ಟರೆ ಇನ್ನೊಂದು ಕೈಯಲ್ಲಿ ಉಳಿದ ಉಪ್ಪನ್ನೆಲ್ಲ ಹೊತ್ತ ನೀರನ್ನು ಮೋರಿಗೆ ಬಿಡುತ್ತದೆ. ಕ್ಯಾಂಪಸ್ಸಿನ ಯಂತ್ರ ದೊಡ್ಡದು. ಅದರ ಹಿಂದಿನ ಪೈಪಿನಿಂದ ಕೈಗಾತ್ರದ ಧಾರೆ ಹಗಲೆಲ್ಲ ಮೋರಿಗೆ ಬೀಳುತ್ತಿತ್ತು. ನೋಡಲು ತಿಳಿನೀರು. ಬೆಳಗಾದರೆ ಒಂದು ಬಿಂದಿಗೆಗಾಗಿ ಜಡೆ ಹಿಡಿದು ಹೊಡೆದಾಡಿ ಬರುವ ಅಂಜಲೈ ಅದನ್ನು ಹೇಗೆ ನೋಡಿಯಾಳು? ದಿನಾ ಅದರೆದುರು ನಿಂತು ಶಾಪ ಹಾಕುತ್ತಿದ್ದಳು.

"ಇವ್ಳೋ ತಣ್ಣಿ ಮ್ಯಾಡಂ! ಇಷ್ಟು ನೀರು ಮೋರಿಗೆ ಹೋಗ್ತಿದೆ. ಕೇಳೋರಿಲ್ವಾ? ಪಾವಂ ಮ್ಯಾಡಂ, ಪಾಪ ಸುತ್ತಿಕೊಳ್ಳತ್ತೆ."

ಮೇ ತಿಂಗಳ ಕೊನೆಯಲ್ಲಿ ಮೀಟರಿನ ಕಡ್ಡಿ ಕೆಟ್ಟಿತು. ಹೊಸದು ಬೇಕೆಂದು ಸತೀಶ್‌ಗೆ ಬರೆದುಕೊಟ್ಟೆ. "ಬರತ್ತೆ ಬಿಡಿ ಮೇಡಂ, ಈಗ ಟ್ಯಾಂಕರ್ ಹೊಂದಿಸೋದೇ ಸಾಕಾಗಿದೆ" ಅಂದ. ರಿಜಿಸ್ಟರನ್ನು ಖಾಲಿ ಬಿಟ್ಟರೆ ಆಡಿಟಿನವರು ಕೇಳುತ್ತಾರೆ. ಹಿಂದಿನ ದಿನ ಎಂಬತ್ತೆರಡು ಇತ್ತು. ಎಂಬತ್ತಮೂರು ಅಂತ ಬರೆದೆ. ಮರುದಿನ ಎಂಬತ್ತೊಂದು. ಒಂದೇ ಅಂಕಿ ಬರೆದರೆ ಅನುಮಾನ ಬರುತ್ತದಲ್ಲ, ಅಷ್ಟು ಬುದ್ಧಿ ನನಗಿತ್ತು. ಎರಡು ದಿನದ ಮಟ್ಟಿಗೆ ಅಂದುಕೊಂಡಿದ್ದು ಏಳು ವಾರವಾಯಿತು.

ಅದೇ ವಾರ ಸತೀಶ್ ಬಂದು, ಕಾಡಿಗೆ ಕೊಡುವ ಒಳ್ಳೆಯ ನೀರನ್ನು ಅರ್ಧಕ್ಕೆ ಇಳಿಸಿದ್ದೇನೆ ಅಂದ. "ಜನಕ್ಕೆ ಕುಡಿಯೋಕಿಲ್ಲ ಮೇಡಂ. ಆದರೆ ಝರಿ ನಿಲ್ಲಬಾರದು. ಆಗಸ್ಟಿನಲ್ಲಿ ಹೊರದೇಶದ ಗೆಸ್ಟ್ ಬರ್ತಾರೆ, ಛೇರ್ಮನ್ ತಾವೇ ಕರ್ಕೊಂಡು ಬಂದು ತೋರಿಸ್ತಾರೆ. ಹೇಗಾದ್ರೂ ಮಾಡಿ." ಹಗ್ಗ ಹರಿಯಬಾರದು, ಕೋಲು ಮುರಿಯಬಾರದು, ಹಾವು ಮಾತ್ರ ಸಾಯಬೇಕು. ಅವನು ಹೇಳಿಹೋದ. ಗಾಜಿನ ಮನೆಯೊಳಗೆ ಬಿಸಿಲಿಗೆ ನೀರು ದಿನಕ್ಕೆ ಒಂದು ಬೆರಳಷ್ಟು ಇಳಿಯುತ್ತಿತ್ತು.

ಅಂಜಲೈ ಆಗ ಕೇಳಿದಳು. ಆ ಪೈಪಿಗೆ ಒಂದು ಹೋಸ್ ಸಿಕ್ಕಿಸಿ ಝರಿಗೆ ತಿರುಗಿಸಲೇ ಅಂತ. ಕೇಳುವಾಗ ಒಂದು ಸ್ಟೀಲ್ ಲೋಟದಲ್ಲಿ ಆ ನೀರನ್ನು ಹಿಡಿದು ತಂದಿದ್ದಳು. "ಕುಡಿದು ನೋಡಿ ಮ್ಯಾಡಂ, ನಲ್ಲ ತಣ್ಣಿ, ಒಳ್ಳೇ ನೀರು. ನಮ್ಮ ಏರಿಯಾ ನೀರಿಗಿಂತ ಎಷ್ಟೋ ವಾಸಿ."

ನಾನು ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ನಿಜವಾಗಿ ಹೇಳುತ್ತೇನೆ, ನನಗೆ ಉಪ್ಪು ಗೊತ್ತಾಗಲಿಲ್ಲ. ಈ ಊರಿಗೆ ಬಂದ ಹೊಸತರಲ್ಲಿ ಇಲ್ಲಿನ ನೀರನ್ನು ಉಗುಳಿದವಳು ನಾನು. ಊರಿಂದ ಕ್ಯಾನಿನಲ್ಲಿ ನೀರು ಹೊತ್ತು ತಂದಿದ್ದೂ ಇದೆ. ಹನ್ನೆರಡು ವರ್ಷದಲ್ಲಿ ನಾಲಿಗೆ ಈ ಊರಿನದಾಗಿಬಿಟ್ಟಿತ್ತು. ಆ ಉಗಾದಿಗೆ ಬಂದಿದ್ದ ಅಮ್ಮ ನಾನು ಕೊಟ್ಟ ಕಾಫಿಯನ್ನು ಕೆಳಗಿಟ್ಟು, "ಇದೇನೇ, ಸಕ್ಕರೆ ಬದಲು ಉಪ್ಪು ಹಾಕಿದ್ದೀಯ?" ಅಂದಿದ್ದರು. ವಯಸ್ಸಾಯಿತು, ಬಾಯಿ ಕೆಟ್ಟಿದೆ ಅಂತ ನಾನೂ ನನ್ನ ಗಂಡನೂ ನಕ್ಕಿದ್ದೆವು.

ಮೀಟರ್ ಇರಲಿಲ್ಲ. ನಾಲಿಗೆ ಸರಿ ಅಂದಿತು. ಮನೆಯ ಕರಿಬೇವು ಅಂಥದೇ ನೀರು ಕುಡಿದು ಚಿಗುರಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಆ ಧಾರೆ ಮೋರಿಗೆ ಬೀಳುವುದನ್ನು ನೋಡಲು ನನಗೂ ಆಗುತ್ತಿರಲಿಲ್ಲ. "ಹಾಕು. ಸ್ವಲ್ಪ ದಿನ ತಾನೇ" ಅಂದೆ. ಅವಳ ಮುಖ ಅರಳಿತು. ತನ್ನ ಮಾತನ್ನು ಓದಿದವಳೊಬ್ಬಳು ಕೇಳಿದಳು ಅನ್ನುವ ಸಂತೋಷ ಅದು. ಮಧ್ಯಾಹ್ನದೊಳಗೆ ಹೋಸ್ ಎಳೆದು, ಕಲ್ಲುಗಳ ಸಂದಿಯಲ್ಲಿ ಕಾಣದ ಹಾಗೆ ಮುಚ್ಚಿ, ಝರಿ ತುಂಬಿಸಿದಳು.

ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಒಂದು ಲೋಟ ನೀರನ್ನು ಬಿಸಿಲಲ್ಲಿಟ್ಟು ಮೊದಲ ವರ್ಷದ ಮಕ್ಕಳಿಗೆ ನಾನೇ ತೋರಿಸಿದ ಪಾಠ. ಝರಿಯ ನೀರು ದಿನಾ ಒಣಗುತ್ತಿತ್ತು, ದಿನಾ ನಾವು ಉಪ್ಪುನೀರು ತುಂಬುತ್ತಿದ್ದೆವು, ಅದೇ ನೀರನ್ನು ಪಂಪು ಮೇಲಕ್ಕೆ ಹತ್ತಿಸಿ ಮತ್ತೆ ಹರಿಸುತ್ತಿತ್ತು. ಹಳೆಯ ನೀರನ್ನು ಒಮ್ಮೆ ಪೂರ್ತಿ ಚೆಲ್ಲಿ ಹೊಸದು ತುಂಬಬೇಕಿತ್ತು. ಆ ಬೇಸಿಗೆಯಲ್ಲಿ ಚೆನ್ನೈಯಲ್ಲಿ ನೀರು ಚೆಲ್ಲುವ ಮಾತು ಯಾರ ತಲೆಗೂ ಬರುತ್ತಿರಲಿಲ್ಲ.

ಮೊದಲು ಗೊತ್ತಾಗಿದ್ದು ಅಂಜಲೈಗೆ. "ವಾಯಾಡಿ ಪೇಸಲ ಮ್ಯಾಡಂ" ಅಂದಳು ಒಂದು ಬೆಳಿಗ್ಗೆ. ಕಪ್ಪೆ ಮಾತಾಡುತ್ತಿಲ್ಲ. ಸೆಕೆಗೆ ಎಲ್ಲೋ ಅಡಗಿರಬೇಕು ಅಂದೆ. ಮುಂದಿನ ವಾರ ಬಸವನಹುಳಗಳು ನೀರು ಬಿಟ್ಟು ಬಂಡೆ ಹತ್ತಿ, ಬಾಗಿಲು ಮುಚ್ಚಿಕೊಂಡು ಕೂತವು, ಇಳಿಯಲೇ ಇಲ್ಲ. ನೀರಂಚಿನ ಪಾಚಿ ಕಂದಿ ಕಾಫಿಪುಡಿಯ ಬಣ್ಣವಾಯಿತು. ಗೊದಮೊಟ್ಟೆಗಳು ಕಾಲು ಮೂಡದೆ ಹಾಗೇ ಉಳಿದು, ಆಮೇಲೆ ಉಳಿಯಲಿಲ್ಲ. ಬಿದ್ದ ಎಲೆಗಳು ಕೊಳೆಯುವುದನ್ನೇ ನಿಲ್ಲಿಸಿದವು. ಕಾಡಿನ ತೊರೆಯಲ್ಲಿ ಎಲೆ ಬಿದ್ದರೆ ಹುಳು ಕೊರೆದು, ಬೂಷ್ಟು ಮೆತ್ತಗಾಗಿಸಿ, ತಿಂಗಳೊಪ್ಪತ್ತಿನಲ್ಲಿ ಜಾಲರಿ ಮಾಡಿಬಿಡುತ್ತವೆ. ಅದೇ ಮರಕ್ಕೆ ಮತ್ತೆ ಊಟ. ಈಗ ಎಲೆಗಳು ಬಿದ್ದಲ್ಲೇ ಇಡಿಯಾಗಿ, ಕಡುಬಿನ ಕೊಟ್ಟೆ ಕಟ್ಟಲು ತೊಳೆದಿಟ್ಟ ಹಾಗೆ ಪದರಪದರವಾಗಿ ಬಿದ್ದಿದ್ದವು. ತಿನ್ನುವವರು ಸತ್ತಿದ್ದರು. ಸೊಳ್ಳೆಮರಿಗಳು ಮಾತ್ರ ಹಬ್ಬ ಮಾಡಿದವು, ಅವಕ್ಕೆ ಉಪ್ಪು ಸೇರುತ್ತದೆ, ಅವುಗಳನ್ನು ತಿನ್ನುತ್ತಿದ್ದವರೂ ಇರಲಿಲ್ಲ.

ನಾನು ಸೆಕೆ ಅಂದೆ, ಗಾಳಿಯಿಲ್ಲ ಅಂದೆ, ಯಾವುದೋ ರೋಗ ಅಂದೆ. ರಿಜಿಸ್ಟರಿನಲ್ಲಿ ಎಂಬತ್ತನಾಲ್ಕು ಅಂತ ಬರೆದೆ. ಬರೆದೂ ಬರೆದೂ ನನ್ನ ಸುಳ್ಳನ್ನು ನಾನೇ ನಂಬಿದ್ದೆ ಅನ್ನುವುದು ಈಗ ನೆನೆದರೆ ಮೈ ಉರಿಯುತ್ತದೆ.

ಜುಲೈಯಲ್ಲಿ ರಾಮಪತ್ರೆ ಎಲೆಗಳ ಅಂಚು ಸುಟ್ಟವು. ಆ ಮಂಡಿಬೇರುಗಳ ಮೇಲೆ ಬೆಳ್ಳಗೆ ಏನೋ ಕಟ್ಟಿತ್ತು. ಅಂಜಲೈ ಸೀರೆ ಸೆರಗಿನಲ್ಲಿ ಒರೆಸಿದಳು, ಮರುದಿನ ಮತ್ತೆ ಕಟ್ಟಿತ್ತು. ನಾನು ಉಗುರಿನಲ್ಲಿ ಕೆರೆದು ನಾಲಿಗೆಗೆ ಮುಟ್ಟಿಸಿದೆ. ಉಪ್ಪು. ಇದು ಮಾತ್ರ ನನ್ನ ನಾಲಿಗೆಗೂ ಗೊತ್ತಾಯಿತು. ಅದೇ ವಾರ ಹೊಸ ಮೀಟರ್ ಬಂತು. ಅದ್ದಿದೆ. ಎರಡಂಕಿ ಇರಬೇಕಾದಲ್ಲಿ ನಾಲ್ಕಂಕಿ. ಮೀಟರ್ ಸರಿಯಿಲ್ಲ ಅಂದುಕೊಂಡು ನನ್ನ ಕುಡಿಯುವ ಬಾಟಲಿಗೆ ಅದ್ದಿದೆ. ಮೀಟರ್ ಸರಿಯಿತ್ತು.

ನೀರು ಉಪ್ಪಾದರೆ ಬೇರಿಗೆ ಅದನ್ನು ಎಳೆದುಕೊಳ್ಳಲಾಗುವುದಿಲ್ಲ. ಆ ಹನ್ನೊಂದು ಮರಗಳು ಮಂಡಿಯುದ್ದ ನೀರಲ್ಲಿ ನಿಂತು ಬಾಯಾರಿಕೆಯಿಂದ ಸಾಯುತ್ತಿದ್ದವು. ಹೋಸ್ ಕಿತ್ತು ಬಿಸಾಡಿ ಸತೀಶ್ ಹತ್ತಿರ ಓಡಿದೆ. ಝರಿಯನ್ನೆಲ್ಲ ಖಾಲಿ ಮಾಡಿ ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆಯಬೇಕು, ಟ್ಯಾಂಕರ್ ಕೊಡಿ ಅಂತ ಕೈಮುಗಿದೆ.

"ಶೈಲಾ ಮೇಡಂ, ತಲೆ ಸರಿಯಿದೆಯಾ? ಹೊರಗೆ ಜನ ಬಿಂದಿಗೆ ಹಿಡ್ಕೊಂಡು ರಸ್ತೆ ತಡೀತಿದ್ದಾರೆ. ನಾನು ಮರದ ಕಾಲು ತೊಳೆಯೋಕೆ ಟ್ಯಾಂಕರ್ ತರಿಸ್ಲಾ?"

ಬಿಂದಿಗೆ ಹಿಡಿದ ಆ ಜನರಲ್ಲಿ ಅಂಜಲೈಯ ಸೊಸೆಯೂ ಇದ್ದಳು. ಈ ಊರಿಗೆ ಆ ಕಾಡನ್ನು ತಂದದ್ದೇ ಅನ್ಯಾಯ. ತಂದಮೇಲೆ ಕೊಂದದ್ದು ಇನ್ನೊಂದು ಅನ್ಯಾಯ. ಒಂದರಿಂದ ಇನ್ನೊಂದು ಕಳೆದುಹೋಗುವುದಿಲ್ಲ.

ಗೆಸ್ಟ್ ಬಂದರು. ಸೊಳ್ಳೆ ಕಚ್ಚಿಸಿಕೊಂಡರು. ಬೋಳು ಮರಗಳ ಕೆಳಗೆ ನಿಂತ ಛೇರ್ಮನ್ ಮುಖ ಕಪ್ಪಿಟ್ಟಿತು. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಸತೀಶನ ಕೋಣೆಗೆ ನನ್ನನ್ನೂ ಅಂಜಲೈಯನ್ನೂ ಕರೆಸಿದರು. ನಾನು ಕುರ್ಚಿಯಲ್ಲಿ ಕೂತೆ. ಅವಳು ಬಾಗಿಲ ಹತ್ತಿರ ನಿಂತಳು, ಕೂರು ಅಂತ ಯಾರೂ ಹೇಳಲಿಲ್ಲ.

ಹೋಸ್ ಹಾಕಿದ್ದು ಯಾರು ಅಂತ ಸತೀಶ್ ತಮಿಳಿನಲ್ಲಿ ಕೇಳಿದ. "ನಾನ್ ದಾ ಸಾರ್" ಅಂದಳು ಅಂಜಲೈ. ಯಾರು ಹೇಳಿದರು ಅಂತ ಕೇಳಿದ. ಅವಳು ನೆಲ ನೋಡಿದಳು. "ಯಾರೂ ಹೇಳಲಿಲ್ಲ ಸಾರ್. ನೀರು ವ್ಯರ್ಥ ಆಗ್ತಿತ್ತು. ನಾನೇ ಹಾಕಿದೆ."

ಸತೀಶ್ ನನ್ನ ರಿಜಿಸ್ಟರ್ ತೆರೆದು ಪುಟ ತಿರುವಿದ. ಎಂಬತ್ತೆರಡು, ಎಂಬತ್ತಮೂರು, ಎಂಬತ್ತೊಂದು. ಒಮ್ಮೆ ನನ್ನ ಮುಖ ನೋಡಿದ. ಮೀಟರ್ ಕೆಟ್ಟಿದೆ ಅಂತ ನಾನು ಬರೆದುಕೊಟ್ಟ ಚೀಟಿ ಅವನ ಮೇಜಿನಲ್ಲೇ ಏಳು ವಾರ ಕೊಳೆತಿತ್ತು. ಅದು ಹೊರಗೆ ಬಂದರೆ ಅವನಿಗೂ ಕಷ್ಟ. ಆಗ ಅವನು ಕನ್ನಡಕ್ಕೆ ತಿರುಗಿದ.

"ನೋಡಿ ಮೇಡಂ, ನಿಮ್ಮ ರಿಜಿಸ್ಟರ್ ಕ್ಲೀನಾಗಿದೆ. ಹಂಗಾದ್ರೆ ಇವಳು ಕೊನೇ ವಾರದಲ್ಲಿ ನಮಗೆ ಗೊತ್ತಿಲ್ದೆ ಹಾಕಿದ್ದಾಳೆ ಅಂತಾಯ್ತು. ಹಂಗೇ ಬರೀತೀನಿ. ಕಾಂಟ್ರಾಕ್ಟಿನವಳು ತಾನೇ, ಬೇರೆ ಕಡೆ ಕೆಲಸ ಸಿಗತ್ತೆ. ನೀವೇನಂತೀರಿ?"

ಬಾಗಿಲಿಲ್ಲದ ಕಡೆ ಬಾಗಿಲು ಹಾಕಿಕೊಂಡೆವು. ಅಂಜಲೈ ನಮ್ಮಿಬ್ಬರ ಮುಖವನ್ನೂ ಒಂದಾದ ಮೇಲೊಂದರಂತೆ ನೋಡುತ್ತಿದ್ದಳು. ನಾನು ಅವಳ ಪರವಾಗಿ ಮಾತಾಡುತ್ತೇನೆ ಅಂತ ಅಂದುಕೊಂಡಿದ್ದಳೋ ಏನೋ. ಒಂದೇ ಒಂದು ವಾಕ್ಯ ಹೇಳಬೇಕಿತ್ತು. ಹಾಕು ಅಂದಿದ್ದು ನಾನು. ಮೂರು ಶಬ್ದ, ಯಾವ ಭಾಷೆಯಲ್ಲಾದರೂ ಆಗುತ್ತಿತ್ತು. ನಾನು, "ಹೂಂ, ನೋಡಿ, ನಿಮಗೆ ಹೇಗೆ ಸರಿ ಕಾಣತ್ತೋ ಹಾಗೆ" ಅಂದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ನಮ್ಮಲ್ಲಿ ಗಾದೆ. ಅದನ್ನು ಕಟ್ಟಿದವರು ಆಫೀಸುಗಳನ್ನು ನೋಡಿರಲಿಲ್ಲ. ತಿಂದವಳು ನಾನು, ಕುಡಿದವಳು ಅವಳು.

ಆಡಿ ಮುಗಿಯಲು ಇನ್ನೂ ಹತ್ತು ದಿನವಿತ್ತು. ಖಾಯಂ ಮಾಡುವ ಪಟ್ಟಿಯಿಂದ ಅವಳ ಹೆಸರು ಹೊಡೆದು, ಮಧ್ಯಾಹ್ನವೇ ಗುರುತಿನ ಕಾರ್ಡು ವಾಪಸ್ ತೆಗೆದುಕೊಂಡರು. ನನ್ನನ್ನು ಇನ್ನೂ ಎಂಟು ತಿಂಗಳು ಇಟ್ಟುಕೊಂಡರು. ಸತ್ತ ಮರಗಳನ್ನು ಕಡಿಸಿ ಹೊರಗೆ ಸಾಗಿಸುವ ಕೆಲಸ ನನ್ನ ಮೇಲ್ವಿಚಾರಣೆಯಲ್ಲೇ ನಡೆಯಿತು. ಆ ಐಪ್ಪಸಿಯಲ್ಲಿ ಮಳೆ ಬಂತು, ಹೇಗೆ ಬಂತೆಂದರೆ ರಸ್ತೆಯೆಲ್ಲ ಹೊಳೆ. ಹೊರಗೆ ಗಾಜಿನ ಮೇಲೆ ಒಳ್ಳೆಯ ಸಪ್ಪೆ ನೀರು ದಬದಬ ಸುರಿಯುತ್ತಿತ್ತು, ಒಳಗೆ ನಾನು ಒಣಗಿದ ಹಳ್ಳದ ಮುಂದೆ ನಿಂತು ನೋಡುತ್ತಿದ್ದೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಬೇಡಿ.

ಇವತ್ತು ನಮ್ಮ ಮನೆಯ ಆರ್‌ಓ ನೀರಿಗೆ ನಾನು ಬಕೆಟ್ಟು ಇಡುವುದಿಲ್ಲ. "ಏನ್ ಮ್ಮಾ ವೇಸ್ಟ್ ಪಣ್ಣ್‌ರೇ?" ಯಾಕೆ ಚೆಲ್ತೀಯ ಅಂತ ಮೇಘನಾ ಬೈಯುತ್ತಾಳೆ. ಅವಳಿಗೆ ಈ ಕತೆ ಹೇಳಿಲ್ಲ. ಹೋದ ತಿಂಗಳು ಆ ಫುಡ್ ಕೋರ್ಟಿನಲ್ಲಿ ನೆಲ ಒರೆಸುತ್ತಿದ್ದವಳು ತಲೆಯೆತ್ತುವವರೆಗೂ ನಾನು ಕೈಯಲ್ಲಿ ಲೋಟ ಹಿಡಿದು ಕಾದಿದ್ದೆ. ಅವಳು ಅಂಜಲೈ ಆಗಿರಲಿಲ್ಲ. ಆಗಿರಬಾರದು ಅಂತಲೇ ಕಾದಿದ್ದೆ, ಸುಳ್ಳೇಕೆ ಹೇಳಲಿ.

ಕಾರ್ಡು ಕಿತ್ತುಕೊಂಡ ಮಧ್ಯಾಹ್ನ ನಾನು ಗೇಟಿನ ಹೊರಗೆ ಬಸ್ಸಿಗೆ ನಿಂತಿದ್ದೆ. ಅಂಜಲೈ ಹಿಂದಿನಿಂದ ಬಂದಳು. ಕೈಯಲ್ಲಿ ಊಟದ ಡಬ್ಬಿ, ಅವಳ ಆ ಸ್ಟೀಲ್ ಲೋಟ. ಬೈಯುತ್ತಾಳೆ ಅಂದುಕೊಂಡು ಎದೆ ಗಟ್ಟಿ ಮಾಡಿಕೊಂಡೆ. ಅವಳು ಬೈಯಲಿಲ್ಲ, ಅಳುತ್ತಿದ್ದಳು.

"ಮ್ಯಾಡಂ, ನಿಮ್ಮ ಹೆಸರು ನಾನು ಹೇಳಲಿಲ್ಲ. ನೀವು ನನ್ನ ಮಾತು ನಂಬಿ ಹೂಂ ಅಂದ್ರಿ. ನಲ್ಲ ತಣ್ಣಿ ಅಂತ ನಾನೇ ತಂದು ಕುಡಿಸಿದೆ. ಓದು ಬರಹ ಇಲ್ಲದವಳು ನಾನು ಯಾಕೆ ಬಾಯಿ ಹಾಕಬೇಕಿತ್ತು? ಹನ್ನೊಂದು ಮರ ಮ್ಯಾಡಂ. ವಾಯಾಡಿ. ಎಲ್ಲ ನನ್ನ ಕೈಯಾರೆ ಕೊಂದುಬಿಟ್ಟೆ. ನಿಮಗೆ ಸಾರ್ ಎದುರು ತಲೆ ತಗ್ಗಿಸೋ ಹಾಗೆ ಮಾಡಿದೆ. ಮನ್ನಿಚ್ಚಿಡುಂಗ ಮ್ಯಾಡಂ."

ಕ್ಷಮಿಸಿ ಅಂದಳು. ಸತೀಶನೂ ನಾನೂ ಒಳಗೆ ಕನ್ನಡದಲ್ಲಿ ಜಗಳವಾಡಿದೆವು, ನಾನು ಅವಳಿಗಾಗಿ ಬೈಸಿಕೊಂಡೆ ಅಂತ ಅವಳು ತಿಳಿದಿದ್ದಳು. ನಿಜ ಹೇಳಲು ಅದು ನನಗೆ ಸಿಕ್ಕಿದ ಎರಡನೆಯ ಅವಕಾಶ. ಸೆಮ್ಮಂಜೇರಿಯ ಬಸ್ಸು ಬರುತ್ತಿತ್ತು. ನಾನು ಅವಳ ಭುಜ ತಟ್ಟಿ, "ಪರವಾಯಿಲ್ಲ ಅಂಜಲೈ, ವಿಡು. ಮನಸ್ಸಿಗೆ ಹಚ್ಚಿಕೊಳ್ಳಬೇಡ" ಅಂತ ಅವಳನ್ನು ಕ್ಷಮಿಸಿ ಬಸ್ಸು ಹತ್ತಿಸಿದೆ.